ಮಕ್ಕಳ ಅಳತೆಯ ಮುದ್ದೆ

ಮುದ್ದೆಗೂ ಒಂದು ಭಾಷೆಯಿದೆ ಎಂದು ನನಗೆ ತಿಳಿದದ್ದು ಮದುವೆಯಾಗಿ ದೊಡ್ಡಬೆಳವಂಗಲದ ಹತ್ತಿರದ ಈ ಮನೆಗೆ ಬಂದ ಮೇಲೆ. ಸಾರಿನ ಖಾರ, ಉಪ್ಪಿನ ಹದ ಇವುಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಮ್ಮ ಜನ ಮುದ್ದೆಯ ಗಾತ್ರದ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ಹೇಳಬೇಕಾದದ್ದನ್ನು ಅದು ತಟ್ಟೆಯಲ್ಲಿ ಕೂತು ತಾನೇ ಹೇಳುತ್ತದೆ. ಹೊಲಕ್ಕೆ ಹೋಗುವವರಿಗೆ ಒಂದು ಅಳತೆ, ಮನೆಯಲ್ಲಿರುವವರಿಗೆ ಇನ್ನೊಂದು, ಪಾತ್ರೆಯ ತಳ ಕೆರೆದು ಮಕ್ಕಳಿಗೆಂದು ಕಟ್ಟುವ ಪುಟ್ಟದು ಮತ್ತೊಂದು. ದೊಡ್ಡವರ ತಟ್ಟೆಗೆ ಸಣ್ಣ ಮುದ್ದೆ ಬಿತ್ತೆಂದರೆ, ಬಂದದ್ದಾಯಿತು, ಇನ್ನು ಹೊರಡಬಹುದು ಎಂದು ಅರ್ಥ. ಸೊಸೆಯ ಮೇಲೆ ನಮ್ಮತ್ತೆಗೆ ಎಷ್ಟು ಅಕ್ಕರೆಯೆಂಬುದನ್ನು ನನ್ನ ತಟ್ಟೆ ನೋಡಿಯೇ ಯಾರು ಬೇಕಾದರೂ ಹೇಳಬಹುದಿತ್ತು.

ಇಂಥ ಅಕ್ಕರೆಯ ನಡುವೆ ನನಗೆ ಸಕ್ಕರೆ ಕಾಯಿಲೆ ಬಂತು. ವೈದ್ಯರು ಅದನ್ನು ಎರಡನೆಯ ಬಗೆಯ ಮಧುಮೇಹ ಎಂದರು. ಮಧುಚಂದ್ರ ಮುಗಿದ ಮೇಲೆ ದಾಂಪತ್ಯದಲ್ಲಿ ಮಿಕ್ಕ ಮಧು ಇದೇ ಇರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಮೂವತ್ಮೂರು ದಾಟಿದ್ದ ನನಗೂ ನನ್ನ ಗಂಡನಿಗೂ ಮಗು ಬೇಕಾಗಿತ್ತು. ಅದನ್ನು ಕೇಳಲೆಂದೇ ದೊಡ್ಡಬಳ್ಳಾಪುರದ ಡಾಕ್ಟರಮ್ಮನ ಮುಂದೆ ಹೋಗಿ ಕೂತೆವು. ಅವರು ಆಗುತ್ತದೆ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಪ್ಲಾನ್ ಮಾಡಿ ಎಂದರು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ತಾಯಿಗೆ ತಾನು ಬಸುರಿಯೆಂದು ಗೊತ್ತಾಗುವ ಹೊತ್ತಿಗೇ ಶುರುವಾಗಿರುತ್ತದಂತೆ. ಆಗ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಕೂಸಿಗೆ ಅಪಾಯ. ಆದ್ದರಿಂದ ಮೂರು ತಿಂಗಳ ಸರಾಸರಿ ಸಕ್ಕರೆ ಮೊದಲು ಇಳಿಯಬೇಕು, ಅಲ್ಲಿಯವರೆಗೆ ಬಸುರಾಗದಂತೆ ಎಚ್ಚರ ಬೇಕು. ಮಾತ್ರೆಗಳನ್ನು ಬದಲಾಯಿಸಿದರು, ಫೋಲಿಕ್ ಆಸಿಡ್ ಈಗಿನಿಂದಲೇ ನುಂಗಲು ಹೇಳಿದರು, ಕಣ್ಣು ಮತ್ತು ಮೂತ್ರಪಿಂಡದ ಪರೀಕ್ಷೆಗೂ ಕಳಿಸಿದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಪಂಚವಾರ್ಷಿಕ ಯೋಜನೆಗಳು ಏಕೆ ಗುರಿ ಮುಟ್ಟಲಿಲ್ಲ ಎಂಬುದರ ಮೇಲೆ ವರ್ಷವರ್ಷವೂ ನಿರರ್ಗಳವಾಗಿ ಮಾತಾಡಿದವಳು. ಸ್ವಂತ ಯೋಜನೆಯೊಂದು ಕೊರಳಿಗೆ ಬಿದ್ದಾಗ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ವಿದ್ಯಾರ್ಥಿನಿಯಂತೆ ಚೀಟಿಯಲ್ಲಿ ಬರೆದುಕೊಂಡೆ.

ಮನೆಯಲ್ಲಿ ಅರ್ಧ ಮಾತ್ರ ಹೇಳಿದೆ. ಕೊಳವೆಬಾವಿಗೆ ಪ್ಲಾನ್ ಮಾಡುತ್ತಾರೆ, ಮನೆಗೆ ಮಾಡುತ್ತಾರೆ. ಮಗುವಿಗೂ ಮಾಡುತ್ತಾರೆಂದು ಅತ್ತೆಗೆ ವಿವರಿಸುವ ಧೈರ್ಯ ನನಗಿರಲಿಲ್ಲ. ಶುಗರ್ ಬಂದಿದೆ, ಅನ್ನ ಕಡಿಮೆ ಮಾಡಬೇಕು ಎಂದಷ್ಟೇ ಅಂದೆ. ಅತ್ತೆ ಸುಮ್ಮನಿರುವವರಲ್ಲ. ಅಕ್ಕಪಕ್ಕದಲ್ಲೆಲ್ಲ ವಿಚಾರಿಸಿ, ಸಕ್ಕರೆ ಕಾಯಿಲೆಗೆ ರಾಗಿಯಂಥ ಮದ್ದಿಲ್ಲ ಎಂಬ ಸರ್ವಾನುಮತದ ತೀರ್ಪು ತಂದರು. ಮದ್ದೆಂದ ಮೇಲೆ ಕಡಿಮೆ ಕೊಡುವುದುಂಟೇ? ತಟ್ಟೆಯಿಂದ ಅನ್ನ ಹೋಯಿತು, ಅದು ಬಿಟ್ಟ ಜಾಗಕ್ಕೆಲ್ಲ ಮುದ್ದೆ ಬೆಳೆಯಿತು. ಕಾಫಿಯಿಂದ ಸಕ್ಕರೆ ಹೋಗಿ ಬೆಲ್ಲ ಬಂತು. ಓದಿದವಳೆಂಬ ಹೆಸರಿದ್ದ ನಾನೂ ಪಥ್ಯ ಇಷ್ಟು ರುಚಿಯಾಗಿರುತ್ತದೆಯೆ ಎಂದು ಹಿಗ್ಗಿ, ದಿನವೂ ಕೆರೆಯ ಏರಿಯ ಮೇಲೆ ನಡೆದು ಬಂದು, ನಡೆದ ಹಸಿವಿಗೆ ಇನ್ನಷ್ಟು ಉಂಡೆ.

ಮೂರು ತಿಂಗಳ ನಂತರ ನೋಡಿದರೆ ಸಕ್ಕರೆ ಇಳಿಯುವುದಿರಲಿ, ಒಂದಿಷ್ಟು ಏರಿತ್ತು. ಏನು ತಿನ್ನುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಮುದ್ದೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಎಷ್ಟು ದೊಡ್ಡದು ಎಂದರು. ಎರಡು ಕೈ ಸೇರಿಸಿ ತೋರಿಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ರಾಗಿ ಒಳ್ಳೆಯದೇ, ಆದರೆ ಆ ಅಳತೆಯಲ್ಲಿ ಯಾವುದೂ ಒಳ್ಳೆಯದಲ್ಲ, ಬೆಲ್ಲವೂ ಸಕ್ಕರೆಯ ಒಡಹುಟ್ಟೇ ಎಂದು ಬಿಡಿಸಿ ಹೇಳಿ, ಇನ್ನೂ ಮೂರು ತಿಂಗಳು ಕಾಯಿರಿ ಎಂದರು. ವಾಪಸು ಬರುವಾಗ ಬೈಕಿನ ಹಿಂದೆ ಕೂತವಳಿಗೆ ಅಳು ಬಂತು. ನನ್ನ ವಯಸ್ಸಿಗೆ ಮೂರು ತಿಂಗಳೆಂದರೆ ಸಣ್ಣ ಅವಧಿಯಲ್ಲ. ಹೀಗೆಯೇ ಕಾಯುತ್ತ ಕಾಯುತ್ತ ಕಾಲವೇ ಮೀರಿಹೋದರೆ ಎಂದು ಭಯವಾಗಿತ್ತು.

ಆ ಸಂಜೆ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತ ಉಳಿದರ್ಧವನ್ನೂ ಹೇಳಿಬಿಟ್ಟೆ. ಅವರ ಕೈ ನಿಂತಿತು.

"ಅಂದ್ರೆ ಇಷ್ಟು ದಿನ ನನ್ ಮೊಮ್ಮಗೂಗೆ ನಾನೇ ಅಡ್ಡ ನಿಂತಿದ್ನಾ?" ಎಂದರು.

"ಇಲ್ಲ ಅತ್ತೆ, ನಂಗೂ ಗೊತ್ತಿರ್ಲಿಲ್ಲ. ರುಚಿಯಾಗಿತ್ತು, ತಿಂದ್ಬಿಟ್ಟೆ" ಎಂದೆ.

ರಾತ್ರಿ ಊಟಕ್ಕೆ ಕೂತಾಗ ನನ್ನ ತಟ್ಟೆಯಲ್ಲಿ ಮಕ್ಕಳ ಅಳತೆಯ ಮುದ್ದೆಯಿತ್ತು. ಸುತ್ತ ಸೊಪ್ಪು, ಕಾಳಿನ ಪಲ್ಯ ಧಾರಾಳವಾಗಿತ್ತು. ನನಗೊಬ್ಬಳಿಗೇ ಕಡಿಮೆ ಮಾಡಿದರೆ ಅದರರ್ಥವೇ ಬೇರೆಯಾಗುತ್ತದಲ್ಲ, ಅದಕ್ಕೇ ಮನೆಮಂದಿಗೆಲ್ಲ ಅದೇ ಅಳತೆ. ಮಾವ ತಟ್ಟೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ರಾಗಿ ಮುಗಿಯಿತೇ ಎಂದು ವಿಚಾರಿಸಿದರು. ಆಮೇಲೆ ಮೂರು ಪುಟ್ಟ ಮುದ್ದೆ ಉಂಡು ತಮ್ಮ ಹಳೆಯ ಲೆಕ್ಕವನ್ನು ಸರಿದೂಗಿಸಿಕೊಂಡರು. ಮುಂದೊಂದು ದಿನ ಸಾಸಲು ಊರಿನಿಂದ ಬಂದ ಅತ್ತೆಯ ತಂಗಿ ನನ್ನ ತಟ್ಟೆ ನೋಡಿ ಗಾಬರಿಯಾಗಿ, ಹಿತ್ತಿಲಿಗೆ ಕರೆದುಕೊಂಡು ಹೋಗಿ, ನಮ್ಮಕ್ಕ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ತಾನೆ ಎಂದು ಪಿಸುಗುಟ್ಟಿದರು. ಇಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿಲ್ಲ ಎಂದೆ. ಅವರು ನಂಬಲಿಲ್ಲ.

ಹೋದ ವಾರ ಹೊಸ ವರದಿ ಬಂತು. ಸರಾಸರಿ ಡಾಕ್ಟರಮ್ಮ ಹೇಳಿದ ಗೆರೆಯೊಳಗೆ ಇಳಿದಿತ್ತು. ಕಣ್ಣು, ಮೂತ್ರಪಿಂಡ ಸರಿಯಾಗಿದ್ದವು. ಇನ್ನು ಪ್ರಯತ್ನಿಸಬಹುದು, ಬಸುರಾದ ಸುಳಿವು ಸಿಕ್ಕ ಕೂಡಲೆ ಬನ್ನಿ ಎಂದರು. ಯೋಜನೆಯೊಂದು ಗುರಿ ಮುಟ್ಟಿದ್ದನ್ನು ನಾನು ಮೊದಲ ಸಲ ಕಂಡೆ. ಮಗು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಆದರೂ ಮನಸ್ಸು ನೆಮ್ಮದಿಯಾಗಿದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಏನೂ ಆಗದವರಂತೆ ಮುದ್ದೆ ತಿರುವಲು ಎದ್ದರು.

ಖುಷಿಯ ದಿನ, ಇವತ್ತು ಹಳೆಯ ಅಳತೆ ಮರಳಿ ಬಂದೀತೆಂದು ನಾನು ಆಸೆಯಿಂದಲೋ ಆತಂಕದಿಂದಲೋ ನೋಡುತ್ತ ನಿಂತಿದ್ದೆ. ಅತ್ತೆ ಕೈ ಒದ್ದೆ ಮಾಡಿಕೊಂಡು ಅದೇ ಪುಟ್ಟ ಮುದ್ದೆ ಕಟ್ಟಿದರು, ನುಣ್ಣಗೆ ಉರುಳಿಸಿ ನನ್ನ ತಟ್ಟೆಗಿಟ್ಟರು.

"ಈ ಅಳತೆ ಕೈಗೆ ಕೂತ್ಬಿಟ್ಟಿದೆ ಕಣಮ್ಮ" ಎಂದರು. "ಇರ್ಲಿ ಬಿಡು, ಮುಂದಕ್ಕೆ ಬೇಕಾಗುತ್ತೆ."