ಅಕ್ಕಡಿ ಸಾಲಿಗೆ ಯಾರ ಪರವಾನಗಿ?

ಕಟಕೋಳದ ನಮ್ಮ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವಾಗ, ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಬಿದಿರಿನ ಕೊಳವೆಯೊಂದು ನೆಲ ಸವರುತ್ತ ಬರುತ್ತಿತ್ತು. ಅದರ ಬಾಯಿಗೆ ಮುಷ್ಟಿಯಿಟ್ಟು ದೊಡ್ಡವ್ವ ಅಕ್ಕಡಿ ಕಾಳು ಬಿಡುತ್ತಿದ್ದಳು: ಜೋಳದ ನಡುವೆ ಕಡಲೆ, ಅಗಸೆ, ಅಂಚಿಗೆ ಕುಸುಬಿ. ಕುಸುಬಿಯ ಮುಳ್ಳಿಗೆ ಅಂಜಿ ದನಗಳು ಜೋಳಕ್ಕೆ ಬಾಯಿ ಹಾಕುತ್ತಿರಲಿಲ್ಲ. ಯಾವ ಗಿಡ ಯಾವುದರ ಪಕ್ಕದಲ್ಲಿ ನಿಲ್ಲಬೇಕೆಂಬ ಈ ತಿಳಿವು ಮನುಷ್ಯನದಲ್ಲ, ಮಣ್ಣಿನದು. ದೇವರೆಂಬುದರ ಗುರುತು ನನಗೆ ಸಿಕ್ಕಿದ್ದರೆ ಆ ಬದುವಿನ ಮೇಲೆಯೇ.

ಹದಿನಾರಕ್ಕೆ ಸೊಸೆಯಾಗಿ ಬಂದ ದೊಡ್ಡವ್ವನನ್ನು ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ಕೇಳಿದವರಲ್ಲ. ಗಂಡ ತೀರಿದ ಮೇಲಂತೂ ಎಲ್ಲವೂ ಮೈದುನನ, ಅಂದರೆ ನಮ್ಮ ಕಾಕಾನ ಮಾತು. ಮುಷ್ಟಿಯಲ್ಲಿ ಯಾವ ಕಾಳಿರಬೇಕೆಂಬುದೊಂದೇ ಅವಳ ಸ್ವಂತ ತೀರ್ಮಾನವಾಗಿತ್ತು.

ಹೋದ ವರ್ಷ ಬಿತ್ತಲು ಯರಗಟ್ಟಿಯಿಂದ ಟ್ರ್ಯಾಕ್ಟರ್ ಬಂತು. ದೊಡ್ಡವ್ವ ಎಂದಿನಂತೆ ಕೊಳವೆ ತಂದಳು. ಕಾಕಾ ನಕ್ಕರು.

"ವೈನಿ, ಇದೇನ್ ಎತ್ತಿನ ಕೂರಿಗಿ ಏನ್ರಿ? ಇನ್ನ ಒಂದ ಹೊಲಾ, ಒಂದ ಬೆಳಿ. ಕೊಯ್ಯೂ ಮಶೀನಿಗೆ ನಿಮ್ಮ ಕುಸುಬಿ ಅಡ್ಡ ಬರತೈತಿ. ಹೋಗಿ ನೆಳ್ಳಾಗ ಕುಂದರ್ರಿ."

ಬೈಲಹೊಂಗಲದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸ್ವಾತಂತ್ರ್ಯದ ಪರ ವಾದಿಸಿ ಕಪ್ ಗೆದ್ದವನು ನಾನು, ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಒಂದೇ ಬೆಳೆ ಸಾಕೆನ್ನುವವರು ನಾಳೆ ಒಂದೇ ಬಗೆಯ ಮನುಷ್ಯ ಸಾಕೆನ್ನುತ್ತಾರೆ, ಮನುಕುಲದ ಅವನತಿ ಇಂಥ ಹೊಲಗಳಿಂದಲೇ ಶುರುವಾಗುತ್ತದೆ ಎಂದು ದನಿಯೇರಿಸಿದೆ. ಈಗಲೂ ಅದರ ಒಂದಕ್ಷರವನ್ನೂ ಹಿಂತೆಗೆದುಕೊಳ್ಳಲಾರೆ.

"ಭಾಳ ಛಲೋ ಮಾತಾಡಿದಿ ಸಾಹೇಬಾ," ಎಂದರು ಕಾಕಾ. "ಕಪ್ ಎಲ್ಲಿ ಇಡೂಣು, ಬದುವಿನ ಮ್ಯಾಲೋ?"

ಡ್ರೈವರನೂ ನಕ್ಕ. ದೊಡ್ಡವ್ವ ನಗಲಿಲ್ಲ.

"ಮಾತು ಸಾಕೋ ತಮ್ಮಾ. ಈ ಹಗ್ಗಾ ಕಟ್ಟು." ನಾನು ಅದನ್ನು ಟ್ರ್ಯಾಕ್ಟರಿನ ಕೂರಿಗೆಗೆ ಬಿಗಿಯುತ್ತಿದ್ದಂತೆ ಡ್ರೈವರನ ಕಡೆ ತಿರುಗಿ, "ಯಪ್ಪಾ, ಜರಾ ಸಾವಕಾಶ ಹೊಡಿ. ನನ್ನ ಮೊಣಕಾಲು ಮಶೀನ್ ಅಲ್ಲ."

ಡ್ರೈವರ್ ಒಮ್ಮೆ ಕಾಕಾನ ಮುಖ ನೋಡಿದ. "ಬರ್ರಿ ಯವ್ವಾ," ಎಂದು ಗೇರ್ ಇಳಿಸಿದ. "ಏ, ಹೊಲಾ ಯಾರದು ಅಂತ ತಿಳದಿ?" ಎಂಬ ಕಾಕಾನ ಕೂಗು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಧೂಳಿನಲ್ಲಿ ಸೆರಗು ಸಿಕ್ಕಿಸಿ, ಎಡವುತ್ತ, ಹೊಲದ ನಾಲ್ಕೂ ಅಂಚಿಗೆ ಅವಳು ಕುಸುಬಿ ಬಿಟ್ಟಳು.

ಮೊನ್ನೆ ಸವದತ್ತಿಯ ಮದುವೆಯೊಂದರಲ್ಲಿ ಕಾಕಾ ಬೀಗರೆದುರು ಹೇಳುತ್ತಿದ್ದರು: "ಪಾಪ, ವಯಸ್ಸಾದಾಕಿ. ಕುಸುಬಿ ಹಾಕಾಕ ನಾನಽ ಪರವಾನಗಿ ಕೊಟ್ಟೆ."

ಊಟದ ಎಲೆ ಬಿಟ್ಟು ಎದ್ದುಬಂದೆ. ಕಸಿದುಕೊಳ್ಳಲಾಗದ್ದನ್ನು ದಾನವೆಂದು ಹೇಳಿಕೊಳ್ಳುವ ಈ ನಾಚಿಕೆಗೇಡಿತನಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹಗ್ಗ ಕಟ್ಟಿದವನು ನಾನು. ದೊಡ್ಡವ್ವ ಆ ದಿನ ಯಾರನ್ನೂ ಏನನ್ನೂ ಕೇಳಿರಲಿಲ್ಲ.