ಕುಂಬಳಕಾಯೊಳಗೆ ಕಾರಿನ ಕೀ

ನಮ್ಮ ಮಾವನಿಗೆ ಹೆಣ್ಣು ಸಿಗದೆ ಇದ್ದಿದ್ದು ಜಾತಕದಿಂದಲ್ಲ, ಹೊಗೆಸೊಪ್ಪಿನಿಂದ. ಪಿರಿಯಾಪಟ್ಟಣದ ಪಕ್ಕ ನಮ್ಮಜ್ಜಿ ಊರಲ್ಲಿ ಅವನು ಸೊಪ್ಪು ಬೆಳಿತಾನೆ. ಸೊಪ್ಪು ಬೇಯಿಸೋ ಬ್ಯಾರನ್ನಿನ ಮುಂದೆ ಕೂತು ಕೂತು ಮೈಯೆಲ್ಲ ಹೊಗೆ ವಾಸ್ನೆ. ಎಲ್ಲೋದ್ರೂ "ಹುಡುಗ ಒಳ್ಳೆಯವನು, ಆದ್ರೆ ರೈತ" ಅಂತಿದ್ರು, ಏನೋ ಕಾಯಿಲೆ ಹೆಸರು ಹೇಳ್ದಂಗೆ. ಇದರಿಂದ ಲಾಭ ಆಗಿದ್ದು ನನಗೊಬ್ಬನಿಗೇ. ಹೆಣ್ಣು ನೋಡೋಕೆ ಜೊತೆಗೋಗಿ ಹದಿನೇಳು ವರ್ಷಕ್ಕೇ ಇಪ್ಪತ್ತು ತಾಲ್ಲೂಕಿನ ಕೇಸರಿಬಾತು ತಿಂದಿದೀನಿ. ಜಿಲ್ಲೇಲಿ ಅಷ್ಟು ತಾಲ್ಲೂಕು ಎಲ್ಲವೆ ಅಂತ ಕೇಳ್ಬೇಡಿ, ಕೆಲವು ಕಡೆ ಎರಡು ಸಲ ಹೋಗಿದ್ವಿ.

ಹೋದ ವರ್ಷ ಹಂಪಾಪುರದ ಕಡೆಯಿಂದ ಒಂದು ಮಾತು ಬಂತು. ಹುಡುಗಿ ಅವರೂರ ಡೈರೀಲಿ ಹಾಲು ಟೆಸ್ಟ್ ಮಾಡ್ತಾರೆ. ಅವರಪ್ಪ ಕೇಳಿದ್ದು ಒಂದೇ: "ಹುಡುಗ ಕಾರು ಮಡಗವ್ನಾ?" ಮಾವ ಮಡಗಿರ್ಲಿಲ್ಲ. ಹದಿನೈದು ದಿನದಲ್ಲಿ ಮಡಗ್ದ. ಸೆಕೆಂಡ್ ಹ್ಯಾಂಡ್ ಬಿಳಿ ಕಾರು. ಜೊತೆಗೆ ಕೊಟ್ಟಿದ್ದು ಒಂದೇ ಕೀ. ಇನ್ನೊಂದೆಲ್ಲಿ ಅಂದ್ರೆ, ಮಾರಿದ ಪುಣ್ಯಾತ್ಮ, "ಒಬ್ಬರೇ ತಾನೆ ಓಡ್ಸೋದು, ಎರಡ್ಯಾಕೆ?" ಅಂದ.

ಆಯುಧಪೂಜೆ ಆಗಿ ಮೂರನೇ ದಿನ ಹಂಪಾಪುರಕ್ಕೆ ಹೋಗೋದು ಅಂತ ಗೊತ್ತು ಮಾಡಿದ್ರು.

ಪೂಜೆ ದಿನ ಕಾರಿಗೆ ಮಾಡಿದ ಅಲಂಕಾರ ಮದುವೆಗೂ ಮಾಡಲ್ಲ ಬುಡಿ. ಮುಂದೆ ಎರಡು ಬಾಳೆಕಂದು, ಮೇಲೆ ಸೇವಂತಿಗೆ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳಕಾಯಿಗೆ ತೂತು ಕೊರೆದು ಕುಂಕುಮ, ಚಿಲ್ಲರೆ ತುಂಬೋ ಕೆಲಸ ನಂದು. ಒಂದು ಕೈಯಲ್ಲಿ ಮಾವನ ಕೀ. ಬೀದಿ ಹುಡುಗ್ರೆಲ್ಲ ನೋಡ್ಲಿ ಅಂತ ಬೆರಳಲ್ಲಿ ತಿರುಗಿಸ್ತಾ ಇದ್ದೆ. ಇನ್ನೊಂದು ಕೈಯಲ್ಲಿ ಚಿಲ್ಲರೆ. ವಿಡಿಯೋ ಮಾಡೋಕೆ ಫೋನು ಬೇರೆ ತೆಗೀಬೇಕು. ದೇವರು ನನಗೆ ಎರಡೇ ಕೈ ಕೊಟ್ಟಿದ್ದು ಅವನ ತಪ್ಪು. ಒಂದೇ ಒಂದು ನಿಮಿಷ ಅಂತ ಕೀನ ಕಾಯಿ ತೂತಿನ ಬಾಯಲ್ಲಿ ಸಿಕ್ಕಿಸ್ದೆ. ಅದು ಒಳಗೆ ಜಾರ್ತು. ನಾನು ಕೈ ಹಾಕೋ ಅಷ್ಟರಲ್ಲಿ ನಮ್ಮ ತಾತ ಕಾಯಿ ಎತ್ಕೊಂಡು, ಮೇಲೆ ಕರ್ಪೂರ ಹಚ್ಚಿ, ಕಾರಿನ ಸುತ್ತ ದೃಷ್ಟಿ ಇಳಿ ತೆಗೆದು, ಇಪ್ಪತ್ತು ವರ್ಷದ ಹುಡುಗನ ಹಂಗೆ ಎತ್ತಿ ಬಡಿದ್ರು.

ಬೀದಿ ಹುಡುಗ್ರು ಚಿಲ್ಲರೆಗೆ ನುಗ್ಗುದ್ರು. ಎಲ್ಲರಿಗಿಂತ ಮುಂದೆ ನಾನು ನುಗ್ಗಿದೆ. "ಅಷ್ಟುದ್ದ ಬೆಳ್ದವ್ನೆ, ಚಿಕ್ಕ ಮಕ್ಕಳ ಕಾಸ್ಗೆ ಬೀಳ್ತಾನಲ್ಲ," ಅಂದ್ರು ಅಜ್ಜಿ.

ಕೀ ಸಿಕ್ತು. ಕಬ್ಬಿಣ ಸರಿಯಾಗಿತ್ತು, ಕರಿ ಪ್ಲಾಸ್ಟಿಕ್ಕಿನ ತಲೆ ಮಾತ್ರ ಎರಡು ಹೋಳು. ಲಂಗಕ್ಕೆ ಒರೆಸ್ಕೊಂಡು ತಂದುಕೊಟ್ಟ ಪಕ್ಕದ ಮನೆ ಪುಟ್ಟಿ ಕೈಯಿಂದ ಮಾವನೇ ಇಸ್ಕೊಂಡ. ಕಾಯೊಳಗೆ ಹೆಂಗೋಯ್ತು ಅಂತ ಅವನು ಕೇಳ್ದಾಗ ನಾನು ಕಡ್ಲೆಪುರಿ ಹಂಚೋದ್ರಲ್ಲಿ ಬಿಜಿ ಆಗಿದ್ದೆ. ರಬ್ಬರ್ ಬ್ಯಾಂಡ್ ಸುತ್ತಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸೋಕೆ ಅಂತ ಮಾವ ಕೀ ತಿರುಗಿಸ್ದ. ಇಂಜಿನ್ ಗುರ್ ಅಂತು. ಎರಡು ಎಣಿಸೋ ಅಷ್ಟರಲ್ಲಿ ಸತ್ತೋಯ್ತು. ಮತ್ತೆ ಗುರ್, ಮತ್ತೆ ಸತ್ತೋಯ್ತು. ಡ್ಯಾಶ್‌ಬೋರ್ಡಲ್ಲಿ ಕೀ ಚಿತ್ರದ ಒಂದು ಕೆಂಪು ಲೈಟು ಕಣ್ಣು ಮಿಟುಕಿಸ್ತಾ ಕೂತಿತ್ತು.

ಸಾಯಂಕಾಲ ಹುಣಸೂರಿಂದ ಕೀ ಮಾಡೋ ಅಣ್ಣನ್ನ ಮಾವ ಬೈಕಲ್ಲಿ ಕರ್ಕೊಂಡ್ಬಂದ. ಅವನು ಒಡೆದ ತಲೆ ನೋಡಿ, "ಚಿಪ್ಪೆಲ್ಲಿ?" ಅಂದ.

"ಯಾವ ಚಿಪ್ಪು?"

"ಇದ್ರೊಳಗೆ ಅಕ್ಕಿಕಾಳಷ್ಟು ಗಾಜಿಂದು ಒಂದಿರ್ತದೆ ಕಣಣ್ಣ. ಸ್ಟೇರಿಂಗ್ ಹತ್ರ ಕೀ ಹಾಕೋ ಕಡೆ ಒಂದು ಸುರುಳಿ ಅದೆ. ನೀನು ಕೀ ತಿರುಗಿಸ್ದಾಗ ಅದು 'ಯಾರಪ್ಪ ನೀನು' ಅಂತದೆ. ಚಿಪ್ಪು ನಂಬರ್ ಹೇಳ್ತದೆ. ಹೊಂದುದ್ರೆ ಸರಿ, ಇಲ್ದಿದ್ರೆ ಕಳ್ಳ ಅಂದ್ಕೊಂಡು ಎಣ್ಣೆ ಕಟ್ ಮಾಡ್ತದೆ."

"ನಾನು ಓನರ್ರು ಕಣಯ್ಯ."

"ಅದು ಕಾರಿಗೆ ಗೊತ್ತಿಲ್ವಲ್ಲ."

"ಬೇರೆ ಕೀ ಕುಯ್ದು ಕೊಡು."

"ನೂರು ಕುಯ್ದ್ರೂ ಬಾಗಿಲು ತೆಗೀತದೆ ಅಷ್ಟೇಯ. ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಹೊಸ ಚಿಪ್ಪಿನ ಪರಿಚಯ ಮಾಡಿಸ್ಬೇಕು. ಅದ ಮಾಡೋ ಹುಡುಗ ಮೈಸೂರಲ್ಲವ್ನೆ, ಹಬ್ಬ ಕಳೀದೆ ಬರಲ್ಲ."

ಆಮೇಲೆ ನಡೆದಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಇಡೀ ಬೀದಿ ನೆಲಕ್ಕೆ ಕೂತು ಅಕ್ಕಿಕಾಳಷ್ಟು ಗಾಜು ಹುಡುಕ್ತು. ಅಲ್ಲಿ ಏನೇನು ಬಿದ್ದಿತ್ತು ಅಂದ್ರೆ ಕುಂಬಳಬೀಜ ಒಂದು ಸಾವಿರ, ಕಡ್ಲೆಪುರಿ ಒಂದು ಲಕ್ಷ. ಅಜ್ಜಿ ಮೊರ ತಂದು ಕೇರುದ್ರು. ಅರ್ಧ ಕಾಯಿನ ಆಗ್ಲೇ ಎದುರುಮನೆ ಹಸ ತಿಂದಿತ್ತು. "ಕಾರೊಳಗೆ ಹಸನೇ ಕೂರಿಸಿ ನೋಡೋಣ್ವಾ ಮಾವ, ಸ್ಟಾರ್ಟ್ ಆದ್ರೂ ಆಗ್ಬೋದು," ಅಂದೆ. ಮಾವ ನಗಲಿಲ್ಲ. ನಿಂಬೆಹಣ್ಣಾದ್ರೂ ತೆಗೀತೀನಿ ಅಂತ ನಾನು ಅಂದಿದ್ದಕ್ಕೆ ಅಜ್ಜಿ, "ಇಟ್ಟಿದ್ದ ತೆಗೀಬಾರ್ದು, ಚಕ್ರನೇ ಹತ್ಬೇಕು," ಅಂದ್ರು.

ಮೂರನೇ ದಿನ ಮಾವ ಇಸ್ತ್ರಿ ಅಂಗಿ ಹಾಕ್ಕೊಂಡು ಬಸ್ ಹತ್ತಿದ. ಹುಣಸೂರಿಗೊಂದು, ಎಚ್.ಡಿ. ಕೋಟೆಗೊಂದು, ಹಂಪಾಪುರಕ್ಕೊಂದು. ಮೂರು ಬಸ್ಸಲ್ಲೂ ನಾನು ಅವನಿಗೆ ಪಾಠ ಹೇಳ್ದೆ.

"ಕಾರು ಸರ್ವೀಸಿಗೆ ಬುಟ್ಟಿವಿ ಅನ್ನು ಮಾವ."

"ಸರ್ವೀಸಿಗೆ ಬುಟ್ಟಿವಿ."

"ನೆಲ ನೋಡ್ಕೊಂಡು ಹೇಳ್ಬೇಡ."

"ಇದೂ ಹೋದ್ರೆ ಇನ್ನೆಲ್ಲೂ ಹೋಗಲ್ಲ ಕಣ್ಲಾ," ಅಂದ ಮಾವ. ನನ್ನ ಜೇಬಲ್ಲಿ ಮಿಕ್ಕಿದ್ದ ಹಬ್ಬದ ಕಡ್ಲೆಪುರಿನೆಲ್ಲ ಅವನ ಕೈಗೆ ಸುರಿದೆ.

ಅವರ ಮನೇಲಿ ಕೇಸರಿಬಾತು ಬಂತು, ದ್ರಾಕ್ಷಿ ಗೋಡಂಬಿ ಎರಡೂ ಇತ್ತು. ಹುಡುಗಿ ಅಪ್ಪ ಕೇಳಿಯೇ ಬುಟ್ರು: "ಕಾರು ಎಲ್ಲಿ ನಿಲ್ಸುದ್ರಿ?"

ಮಾವ ಜೇಬಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕೀ ತೆಗೆದು ಟೀಪಾಯಿ ಮೇಲಿಟ್ಟು ಎಲ್ಲಾನೂ ಹೇಳ್ಬುಟ್ಟ. ಕಾಯಿ, ಚಿಪ್ಪು, ಹಸ, ಮೊರ, ಇನ್ನೂ ಚಕ್ರದ ಕೆಳಗೇ ಇರೋ ನಿಂಬೆಹಣ್ಣು, ಒಂದೂ ಬುಡ್ಲಿಲ್ಲ. ಅವರಪ್ಪನ ಮುಖ ಸಪ್ಪಗಾಯ್ತು. ಒಳಗಿಂದ ಮಾತ್ರ ಯಾರೋ ಸೆರಗು ಬಾಯಿಗಿಟ್ಕೊಂಡು ನಗೋ ಸದ್ದು.

ಹುಡುಗಿ ಕಾಫಿ ಹಿಡ್ಕೊಂಡು ಬಂದ್ರು. "ನೀವು ಬಸ್ಸಿಂದ ಇಳಿಯೋದನ್ನ ಮಹಡಿ ಮೇಲಿಂದ ನೋಡ್ದೆ," ಅಂದ್ರು ಮಾವನಿಗೆ. "ಏನು ಸುಳ್ಳು ಹೇಳ್ತೀರ ಅಂತ ಕಾಯ್ತಿದ್ದೆ. ದಿನಾ ಹಾಲಿಗೆ ನೀರು ಹಾಕ್ಕೊಂಡು ಬರೋರ್ನ ನೋಡೋದೇ ನನ್ನ ಕೆಲಸ." ಆಮೇಲೆ ತಲೆ ಈ ಕಡೆ ತಿರುಗ್ತು. "ಸರಿ, ಕುಂಬಳಕಾಯೊಳಗೆ ಕೀ ಹಾಕಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ಸುಳ್ಳು ಅಂದ್ಕೊಂಡಿದ್ದೆ. ಸುಳ್ಳಲ್ಲ. ನನ್ನ ಕೈ ತಾನಾಗೇ ಹೆಗಲ ಮೇಲೋಯ್ತು. ಸೊಳ್ಳೆ ಅಂತ ಹೊಡ್ಕೊಂಡೆ.

"ಸೊಳ್ಳೆ ಅಂತೆ," ಅಂದ್ರು ಅವರು.

ಮಾವ ನನ್ನ ನೋಡ್ದ. ಅವನಿಗೆ ಎಲ್ಲಾ ಅರ್ಥ ಆಯ್ತು. ಆದ್ರೆ ಅವರಪ್ಪನೂ ಆಗ ನಗೋಕೆ ಶುರು ಮಾಡಿದ್ರಿಂದ ನನಗೆ ಬೀಳ್ಬೇಕಾದ ಏಟು ವಾಪಸ್ ಬಸ್ಸಿನವರೆಗೂ ಮುಂದಕ್ಕೋಯ್ತು. ಮೂರು ಬಸ್ಸಲ್ಲೂ ಬಿತ್ತು. ಮಾವ ಹೊಡೀತಾ ಹೊಡೀತಾ ನಗ್ತಿದ್ದ.

ಹತ್ತು ದಿನಕ್ಕೆ ಮೈಸೂರಿನ ಹುಡುಗ ಬಂದು ಸ್ಟೇರಿಂಗ್ ಕೆಳಗೆ ವೈರು ಸಿಕ್ಕಿಸಿ ಎರಡು ಹೊಸ ಕೀ ಮಾಡ್ದ. "ಹಳೇದ್ರ ನಂಬರ್ ಅಳಿಸಿದೀನಿ, ಇನ್ನು ಆ ಚಿಪ್ಪು ಸಿಕ್ರೂ ಕಾರು ಗುರುತು ಹಿಡಿಯಲ್ಲ," ಅಂದ. ಒಣಗಿ ಗೋಲಿ ಆಗಿದ್ದ ನಾಲ್ಕು ನಿಂಬೆಹಣ್ಣು ಟಪಟಪ ಅಂತ ಒಡೆದ್ವು. ಅಜ್ಜಿ ಕೈ ಮುಗುದ್ರು.

ಈ ವರ್ಷದ ಆಯುಧಪೂಜೇಲಿ ಕುಂಬಳಕಾಯಿ ತುಂಬಿದ್ದು ನಮ್ಮತ್ತೆ. ಎರಡು ಕೀನೂ ಸೆರಗಿಗೆ ಗಂಟು ಹಾಕ್ಕೊಂಡು, ನನ್ನ ಕರೆದು, "ಬಾರಪ್ಪ, ಕಾರಿನ ಮುಂದೆ ನಿಂತ್ಕೊ. ಎರಡು ಕೈಯೂ ಮೇಲೆತ್ತು," ಅಂದ್ರು. ಕಾಯಿ ಒಡೆದು, ಚಿಲ್ಲರೆ ಆಯ್ದು ಮುಗಿಯೋವರೆಗೂ ಪೊಲೀಸ್ರಿಗೆ ಸಿಕ್ಕಿದವನ ಹಂಗೆ ಕೈ ಎತ್ಕೊಂಡು ನಿಂತಿದ್ದೆ. ವಿಡಿಯೋ ಮಾಡಿದ್ದು ಮಾವ.