ಹುಲ್ಲಿನಡಿಯ ಕಪಿಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಪಂಪು, ಪೈಪು, ವಾಲ್ವುಗಳ ಮನುಷ್ಯ. ನನ್ನಲ್ಲಿ ಕಲ್ಪನಾಶಕ್ತಿ ಇದೆಯೆಂದು ಇದುವರೆಗೆ ಯಾವ ಮೇಲಧಿಕಾರಿಯೂ ದೂರಿಲ್ಲ. ದೆವ್ವಗಳ ವಿಷಯದಲ್ಲಿ ನನಗೆ ಭಕ್ತಿಯೂ ಇಲ್ಲ, ದ್ವೇಷವೂ ಇಲ್ಲ. ಆದರೂ ಒಮಾನಿನ ಸಹಮ್‌ನಲ್ಲಿ ಒಂದು ರಾತ್ರಿ ನನ್ನ ಕಿವಿ, ಮೂಗು, ನಾಲಿಗೆ ಮೂರೂ ಒಟ್ಟಾಗಿ ಸಾಕ್ಷಿ ಹೇಳಿದ ಸಂಗತಿ ಇದು. ಜೊತೆಗೆ ಪಂಪ್ ಆಪರೇಟರ್ ಲಾರೆನ್ಸ್ ಇದ್ದ. ಈಗ ಅವನು ಶಿರ್ವದ ತನ್ನ ಮನೆಯಲ್ಲಿದ್ದಾನೆ. ಆ ರಾತ್ರಿಯ ಸುದ್ದಿ ಎತ್ತಿದರೆ ಮೀನಿನ ರೇಟು ಮಾತಾಡಲು ಶುರುಮಾಡುತ್ತಾನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನಿಂದ ಹೋಗಿ ಅಲ್ಲೊಬ್ಬ ಶ್ರೀಮಂತ ವ್ಯಾಪಾರಿಯ ಬಳಿ ನೀರಾವರಿ ಇಂಜಿನಿಯರ್ ಆಗಿದ್ದೆ. ಅವರನ್ನು ನಾವೆಲ್ಲ ಅರ್ಬಾಬ್, ಅಂದರೆ ಯಜಮಾನರು, ಎನ್ನುತ್ತಿದ್ದೆವು. ನನ್ನ ವೀಸಾ ಅವರ ಕೈಯಲ್ಲಿತ್ತು. ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ಅವರ ಒಂದು ಸಹಿ ಬೇಕಿತ್ತು. ಸಹಿ ಹಾಕುತ್ತೇನೆ ಎಂದು ಅವರೂ ಬಹಳ ಪ್ರೀತಿಯಿಂದ, ಬಹಳ ಸಲ ಹೇಳಿದ್ದರು.

ಅರ್ಬಾಬ್ ಒಮ್ಮೆ ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಬಂಗಲೆಗೆ ಅತಿಥಿಯಾಗಿ ಹೋಗಿದ್ದರು. ಬಂಗಲೆ ಅವರಿಗೆ ಹಿಡಿಸಲಿಲ್ಲ. ಥಂಡಿ, ಹಳೆಯ ಕಂಬಳಿಯ ವಾಸನೆ. ಹಿಡಿಸಿದ್ದು ಅದರ ಸುತ್ತಲಿನ ಹುಲ್ಲು. ಕಣ್ಣು ಹೋದಷ್ಟು ದೂರ ಹಸಿರು, ಅಲ್ಲಲ್ಲಿ ಮರಗಳ ಗುಂಪು, ಒಂದು ಕೆರೆ, ಎಲ್ಲೂ ಬೇಲಿ ಕಾಣದು. ಅದೇ ನನಗೂ ಬೇಕು, ಸಹಮ್‌ನಲ್ಲಿ ಬೇಕು ಎಂದರು. ಮಳೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತುವುದು ಸಂಬಳದವರ ಕೆಲಸವಲ್ಲ.

ಇದಕ್ಕಾಗಿ ಆಲ್ಡನ್ ಎಂಬ ಇಂಗ್ಲಿಷ್ ಸಾಹೇಬರು ಬಂದರು. ಆ ಬಂಗಲೆಯ ಹುಲ್ಲಿನ ಚರಿತ್ರೆ ಅವರಿಗೆ ಬಾಯಿಪಾಠ. ಮೊದಲು ಅದು ಜಿಂಕೆ ಬೇಟೆಯ ಕಾಡಂತೆ. ಆಮೇಲೊಬ್ಬ ಒಡೆಯ ಕಾಡು ಕಡಿಸಿ, ನೆಟ್ಟಗಿನ ಸಾಲುಮರ ನೆಡಿಸಿದ. ಅವನ ಮೊಮ್ಮಗನಿಗೆ ನೆಟ್ಟಗಿನದು ಕಂಡರೆ ಆಗದು. ಸಾಲುಮರ ಕಡಿಸಿ, ಹೊಳೆಗೆ ಅಡ್ಡಕಟ್ಟೆ ಹಾಕಿ ಕೆರೆ ಮಾಡಿ, ಎಲ್ಲವೂ ದೇವರೇ ಮಾಡಿದ ಹಾಗೆ ಕಾಣಬೇಕೆಂದ. ಕಿಟಕಿಯ ಎದುರಿಗೊಂದು ಹಳ್ಳಿ ಅಡ್ಡ ಬರುತ್ತಿತ್ತು. ಅದನ್ನು ಕಿತ್ತು ಗುಡ್ಡದ ಹಿಂದೆ ಹಾಕಿಸಿದ. ಚರ್ಚನ್ನು ಮಾತ್ರ ಬಿಟ್ಟ.

"ಮಳೆ ಕಡಿಮೆಯಾದ ಬೇಸಗೆಯಲ್ಲಿ ಆ ಹಳ್ಳಿಯ ಬೀದಿಗಳು ಹುಲ್ಲಿನಲ್ಲಿ ಕಂದು ಗೆರೆಗಳಾಗಿ ಮೇಲೆ ಬರುತ್ತವೆ. ಬಹಳ ಚಂದ," ಎಂದರು ಆಲ್ಡನ್, ಚಹಾ ಕಲಕುತ್ತ.

ಹಳ್ಳಿಯವರು ಆಗ ಏನೆಂದರು ಎಂದು ಕೇಳಿದೆ. ಅದೆಲ್ಲೂ ಬರೆದಿಟ್ಟಿಲ್ಲ ಎಂದರು.

ಸಹಮ್‌ನಲ್ಲಿ ಅರ್ಬಾಬ್ ಕಟ್ಟಿಸಿದ ಬಂಗಲೆಯ ಕಿಟಕಿಯ ಎದುರಿಗೆ ಹಳ್ಳಿ ಇರಲಿಲ್ಲ. ಒಂದು ಬಾವಿ ಇತ್ತು. ನಮ್ಮ ಮೈಸೂರು ಸೀಮೆಯಲ್ಲಿ ಕಪಿಲೆ ಬಾವಿ ಎನ್ನುತ್ತಾರಲ್ಲ, ಅಂಥದ್ದೇ. ಎತ್ತು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಚೀಲ ತುಂಬಿ ಮೇಲೆ ಬರುತ್ತದೆ; ಎತ್ತು ಹಿಂದೆ ಹತ್ತಿದರೆ ಚೀಲ ಕೆಳಗೆ ಹೋಗುತ್ತದೆ. ಮೇಲೆ ಒಂದು ದೊಡ್ಡ ಮರದ ರಾಟೆ. ಆ ಬಾವಿಯ ನೀರು ಸಕ್ಕರೆಯಂತಿತ್ತು. ಅದು ಪಕ್ಕದ ರೈತ ಖಮೀಸನ ಅಪ್ಪ ತೋಡಿಸಿದ್ದು. ಅಪ್ಪ ಸತ್ತ ಮೇಲೆ ಆ ಭಾಗದ ನೆಲವನ್ನು ಖಮೀಸನ ಅಣ್ಣ ಅರ್ಬಾಬ್‌ಗೆ ಮಾರಿದ್ದ. ಬಾವಿ ನಮ್ಮ ಕಡೆಗೆ ಬಂತು. ನಾವು ಅದನ್ನು ಕಲ್ಲುಮಣ್ಣು ತುಂಬಿ ಮುಚ್ಚಿ, ಮೇಲೆ ಹುಲ್ಲು ಹಾಸಿದೆವು. ರಾಟೆಗೆ ವಾರ್ನಿಷ್ ಬಳಿದು, ಶೋಭೆಗೆಂದು ಬಂಗಲೆಯ ಜಗಲಿಯ ಗೋಡೆಗೆ ನಾಲ್ಕು ಬೋಲ್ಟು ಹಾಕಿ ಬಿಗಿದೆವು.

ಖಮೀಸನ ನಿಂಬೆತೋಟಕ್ಕೂ ನಮ್ಮ ಹುಲ್ಲಿಗೂ ನಡುವೆ ಬೇಲಿಯ ಬದಲು ಆಳವಾದ ಕಂದಕ ತೋಡಿಸಿದರು ಆಲ್ಡನ್. ಬಂಗಲೆಯಿಂದ ನೋಡಿದರೆ ಕಂದಕ ಕಾಣುವುದಿಲ್ಲ, ಎಲ್ಲ ನಮ್ಮದೇ ಅನ್ನಿಸುತ್ತದೆ. ಇಂಥ ಕಂದಕಕ್ಕೆ ಇಂಗ್ಲಿಷಿನಲ್ಲಿ 'ಹಾ-ಹಾ' ಎಂದು ಹೆಸರು. ನಾನು ತಮಾಷೆ ಮಾಡುತ್ತಿಲ್ಲ. ಬಾವಿಯಿಂದ ತೋಟಕ್ಕೆ ಹೋಗುತ್ತಿದ್ದ ಹಳೆಯ ನೀರುಕಾಲುವೆಯನ್ನು ಈ ಹಾ-ಹಾ ನಡುವೆ ತುಂಡರಿಸಿತು.

ಖಮೀಸ್ ಬೇರೊಂದು ಸಣ್ಣ ಬಾವಿ ತೋಡಿಕೊಂಡ. ನಾವು ಆಳದ ಬೋರುಗಳಿಂದ ಹಗಲೂ ರಾತ್ರಿ ನೀರೆತ್ತಿದೆವು. ಅಲ್ಲಿ ಕಡಲು ಹತ್ತಿರ. ಸಿಹಿನೀರನ್ನು ಎತ್ತಿದಷ್ಟೂ ನೆಲದಡಿಯಲ್ಲಿ ಉಪ್ಪುನೀರು ಒಳಕ್ಕೆ ಸರಿಯುತ್ತದೆ. ನಮ್ಮ ಹುಲ್ಲಿಗೆ ಸ್ವಲ್ಪ ಉಪ್ಪು ನಡೆಯುತ್ತದೆ. ನಿಂಬೆಗೆ ನಡೆಯುವುದಿಲ್ಲ.

ಒಂದು ಸಂಜೆ ಖಮೀಸ್ ಕಂದಕದ ಅಂಚಿಗೆ ಬಂದು, ನನ್ನ ಕೈಗೊಂದು ಲೋಟ ನೀರು ಕೊಟ್ಟ. ನೀರನ್ನು ನಾಲಿಗೆಗೆ ಹಚ್ಚಿ ನೋಡುವುದು ನನ್ನ ಕಸುಬಿನ ಚಾಳಿ. ಉಪ್ಪಾಗಿತ್ತು. ಅವನು ಬಜಾರಿನ ಹಿಂದಿಯಲ್ಲಿ, ಜಗಳದ ದನಿಯೇ ಇಲ್ಲದೆ ಹೇಳಿದ: ಎಲೆ ಉದುರುತ್ತಿದೆ, ಈ ತೋಟ ಬಿಟ್ಟರೆ ತನಗೆ ಬೇರೆ ಗತಿಯಿಲ್ಲ, ರಾತ್ರಿಯ ಪಂಪಾದರೂ ನಿಲ್ಲಿಸಿದರೆ ನಿಂಬೆ ಬದುಕೀತು.

ಆ ವಾರ ಇಂಗ್ಲೆಂಡಿನ ಆ ಬಂಗಲೆಯವರೇ ಅತಿಥಿಗಳಾಗಿ ಬರುವವರಿದ್ದರು. ಅರ್ಬಾಬ್‌ಗೆ ಹೇಳಿ ನೋಡುತ್ತೇನೆ ಎಂದೆ. ಹೇಳಲಿಲ್ಲ. ರಾತ್ರಿಯ ಪಂಪನ್ನು ಇನ್ನೂ ಬೇಗ ಶುರು ಮಾಡಿಸಿದೆ.

ಅತಿಥಿಗಳು ಬರುವುದಕ್ಕೆ ಮುಂಚಿನ ರಾತ್ರಿ... ಗಾಳಿ ಇರಲಿಲ್ಲ. ಪಂಪ್‌ಹೌಸಿನ ಬಾಗಿಲಲ್ಲಿ ನಾನು, ಲಾರೆನ್ಸ್ ಕುರ್ಚಿ ಹಾಕಿ ಕೂತಿದ್ದೆವು. ಕತ್ತಲಲ್ಲಿ ಸ್ಪ್ರಿಂಕ್ಲರುಗಳು ಚಿಕ್ ಚಿಕ್ ಎಂದು ತಿರುಗುತ್ತಿದ್ದವು. ದೂರದ ಸಾಲೊಂದು ನಿಂತಿತು. ಅದರ ಪಕ್ಕದ್ದು ನಿಂತಿತು. ಹೀಗೇ ಒಂದೊಂದಾಗಿ ನಿಲ್ಲುತ್ತ ಆ ಮೌನ ನಮ್ಮ ಕಡೆಗೇ ನಡೆದುಬಂತು... ಕೊನೆಗೆ ಮೋಟಾರೂ ತಾನಾಗಿ ನಿಂತುಹೋಯಿತು.

ಆಗ ಕೇಳಿಸಿತು.

ಕಿ...ರ್ರ್ರ್... ಮರದ ಮೇಲೆ ಮರ ಉಜ್ಜುವ, ನರಳುವಂಥ ಉದ್ದನೆಯ ಸದ್ದು. ಸ್ವಲ್ಪ ಬಿಡುವು. ಭಳಕ್ ಎಂದು ನೀರು ಸುರಿದ ಸದ್ದು. ಮತ್ತೆ ಕಿ...ರ್ರ್ರ್...

"ಎಂತ ಸರ್ ಅದು?" ಲಾರೆನ್ಸ್ ಪಿಸುಗುಟ್ಟಿದ. "ಯಾರಾದ್ರೂ ಗೇಟು ಎಳೀತಾ ಇದ್ದಾರಾ?"

ನನಗೆ ಗೊತ್ತಾಗಿತ್ತು. ಬಾಲ್ಯದಲ್ಲಿ ಅಜ್ಜನ ಹೊಲದಲ್ಲಿ ಕೇಳಿದ ಸದ್ದು. ಕಪಿಲೆ ಹೊಡೆಯುತ್ತಿದ್ದರು.

ಟಾರ್ಚು ಹಿಡಿದು ಹೊರಟೆವು. ಧೈರ್ಯ ಎಂದೇನೂ ಅಲ್ಲ. ಒಬ್ಬನೇ ಪಂಪ್‌ಹೌಸಿನಲ್ಲಿ ಉಳಿಯಲು ಇಬ್ಬರಿಗೂ ಮನಸ್ಸಿರಲಿಲ್ಲ. ಬಾವಿಯಿದ್ದ ಜಾಗಕ್ಕೆ ಬಂದಾಗ ಸದ್ದು ನಮ್ಮ ಸುತ್ತಲೇ ಇತ್ತು. ಟಾರ್ಚಿಗೆ ಕಂಡದ್ದು ಹುಲ್ಲು, ಬರೀ ಹುಲ್ಲು. ಆದರೆ ನೆನೆದ ತೊಗಲಿನ ವಾಸನೆ, ಸಗಣಿಯ ವಾಸನೆ, ದನದ ಮೈಯ ಬಿಸಿ... ನನ್ನ ಮೊಣಕೈಯನ್ನು ಸವರಿಕೊಂಡೇ ಏನೋ ಇಳಿಜಾರಿನತ್ತ ಹೋಯಿತು. ಇಳಿಯುವಾಗ ಹೆಜ್ಜೆ ಭಾರ. ಮತ್ತೆ ಹತ್ತುವಾಗ ಹಗುರ.

ಅಲ್ಲಿ ಇಳಿಜಾರೇ ಇರಲಿಲ್ಲ. ನಾನೇ ನಿಂತು ಮಟ್ಟ ಮಾಡಿಸಿದ ನೆಲ ಅದು.

ಲಾರೆನ್ಸ್ ನನ್ನ ತೋಳು ಹಿಡಿದು ಜಗಲಿಗೆ ಎಳೆದುಕೊಂಡು ಹೋದ. ಗೋಡೆಯ ಮೇಲೆ ರಾಟೆ ಅಲುಗದೆ ನಿಂತಿತ್ತು, ಬೋಲ್ಟುಗಳು ಬಿಗಿಯಾಗಿಯೇ ಇದ್ದವು. ಆದರೆ ಹಗ್ಗ ಓಡುವ ಅದರ ಅಂಚಿನ ಜಾಡಿನಲ್ಲಿ ನೀರು ಹೊಳೆಯುತ್ತಿತ್ತು. ಒಂದು ಹನಿ ನೆಲಕ್ಕೆ ಬಿತ್ತು... ಇನ್ನೊಂದು.

ಚಾಳಿ ಬಿಡುವುದಿಲ್ಲ. ಬೆರಳಿಗೆ ತಾಗಿಸಿ ನಾಲಿಗೆಗೆ ಹಚ್ಚಿದೆ.

ಸಿಹಿ. ಸಕ್ಕರೆಯಂಥ ನೀರು. ಆ ಹೊತ್ತಿಗೆ ಆ ಸುತ್ತಿನ ಯಾವ ಬೋರಿನಲ್ಲೂ ಅಂಥ ನೀರು ಉಳಿದಿರಲಿಲ್ಲ.

ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡು ಕೊಂಕಣಿಯಲ್ಲಿ ದೇವರ ಕ್ಷಮೆ ಕೇಳಿದ. ಆಮೇಲೆ, "ಸರ್, ಮೋಟರ್ ಹೇಗೂ ನಿಂತಿದೆ. ಹಾಗೇ ಇರಲಿ ಮಾರಾಯ್ರೆ. ಬೆಳಿಗ್ಗೆವರೆಗೆ ಮುಟ್ಟೋದು ಬೇಡ," ಎಂದ.

"ಹುಲ್ಲು ಬಾಡಿದರೆ?"

"ಬಾಡ್ಲಿ. ಹುಲ್ಲಿಗೆ ಎಂತ ಹೆಂಡ್ತಿ ಮಕ್ಕಳು ಉಂಟಾ?"

ನನಗಿದ್ದರು. ಬಹಳ ಹೊತ್ತು ಜಗಲಿಯಲ್ಲೇ ನಿಂತಿದ್ದೆ. ಆ ಸದ್ದು ಒಂದೇ ಲಯದಲ್ಲಿ, ಯಾರನ್ನೂ ಹೆದರಿಸುವ ಉದ್ದೇಶವಿಲ್ಲದೆ, ತನ್ನ ಪಾಡಿಗೆ ನಡೆದಿತ್ತು. ಮೂಡಣ ಬೆಳ್ಳಗಾಗುವ ಮುನ್ನ ಪಂಪ್‌ಹೌಸಿಗೆ ಹೋಗಿ ಸ್ವಿಚ್ ಒತ್ತಿದೆ. ಮೋಟಾರು ತಕ್ಷಣ ಹಿಡಿದುಕೊಂಡಿತು. ಸ್ಪ್ರಿಂಕ್ಲರುಗಳು ತಿರುಗಿದವು. ಒಂದು ಎಳೆತದ ಅರ್ಧದಲ್ಲೇ ಆ ಸದ್ದು ತುಂಡಾಯಿತು... ಚೀಲ ಮೇಲೆ ಬಂತೋ ಇಲ್ಲವೋ, ತಿಳಿಯಲಿಲ್ಲ.

ಬೆಳಿಗ್ಗೆ ಖಮೀಸ್ ಬಂದ. ಕೈಯಲ್ಲಿ ಒಂದು ಬುಟ್ಟಿ ನಿಂಬೆಹಣ್ಣು, ಕಣ್ಣಲ್ಲಿ ನೀರು. ನನ್ನ ಎರಡೂ ಕೈ ಹಿಡಿದುಕೊಂಡ. ರಾತ್ರಿ ತೋಟದ ಪಾತಿಗಳೆಲ್ಲ ತುಂಬಿದ್ದವಂತೆ. ಸಿಹಿನೀರು, ಅಪ್ಪನ ಕಾಲದ್ದೇ ರುಚಿ. ಕೊನೆಯ ಒಂದು ಪಾತಿ ಮಾತ್ರ ಅರ್ಧ ತುಂಬಿತ್ತು, ಚಿಂತೆಯಿಲ್ಲ ಎಂದ.

"ಅರ್ಬಾಬ್‌ಗೆ ಗೊತ್ತಾಗದ ಹಾಗೆ ರಾತ್ರಿ ಕಳಿಸಿದೆ ಅಲ್ಲವಾ? ನಾನು ಯಾರಿಗೂ ಹೇಳುವುದಿಲ್ಲ ಇಂಜಿನಿಯರ್. ಅಲ್ಲಾಹು ನಿನ್ನ ಮಕ್ಕಳನ್ನು ಚೆನ್ನಾಗಿ ಇಟ್ಟಿರಲಿ."

ಅಲ್ಲ ಎನ್ನಬೇಕಿತ್ತು. ನಾನು ಬುಟ್ಟಿ ತೆಗೆದುಕೊಂಡೆ.

ಆಮೇಲೆ ಕಂದಕಕ್ಕೆ ಇಳಿದು ನೋಡಿದೆ. ತಳ ಬೂದಿಯಂತೆ ಒಣಗಿತ್ತು. ನೀರು ಅದನ್ನು ದಾಟಿದ್ದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ಬರೀ ನೀರಾವರಿ ಇಂಜಿನಿಯರ್.

ಅತಿಥಿಗಳು ಬಂದರು, ಹುಲ್ಲನ್ನು ಹೊಗಳಿದರು. ನನ್ನ ಕಾಗದಕ್ಕೆ ಸಹಿ ಬಿತ್ತು. ಇತ್ತ ಖಮೀಸ್ ಪ್ರತಿ ಸಂಜೆ ಹಳೆಯ ಕಾಲುವೆಯ ಬಾಯಿ ಗುಡಿಸಿ, ಗುದ್ದಲಿ ಹಿಡಿದು ಕಂದಕದ ಆಚೆ ಕೂರತೊಡಗಿದ. ಇವತ್ತು ಕಳಿಸುತ್ತೀಯಾ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅವನಿಗೆ ನನ್ನ ಕಷ್ಟ ಅರ್ಥವಾಗಿತ್ತು ಪಾಪ. ನಾನು ಬೇರೆ ದಾರಿಯಲ್ಲಿ ಕೋಣೆಗೆ ಹೋಗುತ್ತಿದ್ದೆ.

ಅರ್ಬಾಬ್ ಅತಿಥಿಗಳೊಂದಿಗೆ ಮಸ್ಕತ್‌ಗೆ ಹೋದ ರಾತ್ರಿ, ಲಾರೆನ್ಸನನ್ನು ಮಲಗಲು ಕಳಿಸಿ, ಎಲ್ಲ ಪಂಪುಗಳನ್ನೂ ಬಂದ್ ಮಾಡಿದೆ. ಬಾವಿಯಿದ್ದ ಜಾಗದಲ್ಲಿ ಹುಲ್ಲಿನ ಮೇಲೆ ಕೂತೆ. ವಾಸನೆ ಇಲ್ಲ, ಬಿಸಿ ಇಲ್ಲ. ಕಡಲಿನ ಮೊರೆತ, ಎಲ್ಲೋ ಒಂದು ನಾಯಿ. ಕಂದಕದ ಆಚೆ ಕತ್ತಲಲ್ಲಿ ಖಮೀಸನೂ ಎಚ್ಚರವಾಗಿದ್ದ. ಆಗಾಗ ಅವನ ಕೆಮ್ಮು ಕೇಳಿಸುತ್ತಿತ್ತು. ಇಬ್ಬರೂ ಬೆಳಗಿನವರೆಗೆ ಕಾದೆವು.

ಏನೂ ಬರಲಿಲ್ಲ.

ಬೆಳಕು ಹರಿದಾಗ ಅವನು ಎದ್ದ. ಗುದ್ದಲಿಯನ್ನು ಹೆಗಲಿಗೇರಿಸಿ, ನನ್ನತ್ತ ನೋಡಿ ಕೈಯೆತ್ತಿದ. ಸಮಾಧಾನ ಹೇಳುವವನ ಹಾಗೆ ಕೇಳಿದ:

"ಮೋಟಾರು ಕೆಟ್ಟಿತಾ?"

ಹೌದು, ಕೆಟ್ಟಿದೆ ಎಂದೆ.